ಕೊನೆಗಿಟ್ಟ ಫೋಲ್ಡರ್

"ಶ್!" ಎಂದು ದುರ್ಗೇಶ್ ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಹಚ್ಚಿದ.

ಶಾಲಿನಿಗೆ ನಗು. "ಏನ್ ಡಾಕ್ಟ್ರೇ, ನಾಡಿ ಸಿಕ್ತಾ?"

"ನೀವೂ ಕೇಳ್ರಿ."

ಅವಳೂ ಬಾಗಿ ಪಕ್ಕದಲ್ಲೇ ಕಿವಿ ಹಚ್ಚಿದಳು. ಮುಖಕ್ಕೆ ಮುಖ, ನಡುವೆ ಗೇಣು ಜಾಗ. ಒಳಗೆ ಟಕ್... ಟಕ್... ಟಕ್. ಕಣ್ಣಿಗೆ ಬಿದ್ದ ಕೂದಲೆಳೆಯನ್ನು ಅವಳು ಉಫ್ ಎಂದು ಊದಿಕೊಂಡಳು. ದುರ್ಗೇಶ್ ಏನು ಕೇಳಲು ಬಾಗಿದ್ದನೋ ಅದನ್ನೇ ಮರೆತ.

ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಎದುರಿಗೆ ಅವಳ ಫೋಟೊ ಸ್ಟುಡಿಯೋ. ಚಿತ್ರದುರ್ಗದಿಂದ ರಿಪೇರಿಗೆ ಬರುವವನು ಇವನು. ಮೌಸಿನ ವೈರು ಸಡಿಲವಾಯಿತೆಂದು ಅವಳು ಫೋನ್ ಮಾಡುವುದು, ಅಷ್ಟಕ್ಕೇ ಇವನು ಬಸ್ಸು ಹತ್ತುವುದು. ಎರಡು ಸಾವಿರದ ಆರರಲ್ಲಿ ದಸರೆಯವರೆಗೂ ನಡೆದದ್ದು ಇದೇ. ಹೀಗಾದರೆ ಯಾವ ಹುಡುಗನ ತಲೆ ನೆಟ್ಟಗಿರುತ್ತದೆ ಹೇಳಿ! ಇವತ್ತಂತೂ ಆಯುಧಪೂಜೆಯ ದಿನ, ಮನೆಯ ಹಬ್ಬ ಬಿಟ್ಟು ಓಡಿ ಬಂದಿದ್ದ.

"ಹಾರ್ಡ್ ಡಿಸ್ಕ್ ಹೋಗ್ತಾ ಐತ್ರಿ. ಫೋಲ್ಡರ್ ತೆಗೆದ್ರೆ ಹ್ಯಾಂಗ್ ಆಗುತ್ತಾ?"

"ಹೂಂ. ಮೊನ್ನೆ ಒಂದು ಮದುವೆ ಫೋಟೊ ಓಪನ್ ಮಾಡಿದ್ರೆ, ಮದುಮಗಳ ಕತ್ತಿನ ಕೆಳಗೆಲ್ಲ ಬರೀ ಬೂದಿ ಬಣ್ಣ."

"ಹಂಗಾದ್ರೆ ಆಫ್ ಮಾಡ್ಲೇಬ್ಯಾಡ್ರಿ. ಈಗ ಹೆಂಗೋ ಓಡ್ತಾ ಐತೆ, ನಿಂತ್ರೆ ಮತ್ತೆ ಏಳಲ್ಲ. ಡಿಲೀಟ್ ಆಗಿರೋದಾದ್ರೆ ನಾನು ವಾಪಸ್ ತರ್ತೀನಿ. ಡಿಸ್ಕೇ ಸತ್ರೆ ನನ್ನ ಕೈಲೂ ಆಗಲ್ಲ."

"ಖಂಡಿತಾ ಆಗಲ್ವಾ?"

"ಖಂಡಿತಾ ಆಗಲ್ಲ." ಚೀಲದಿಂದ ಹೊಸ ಡಿಸ್ಕ್ ತೆಗೆದು ವೈರು ಸಿಕ್ಕಿಸಿದ. "ಎಲ್ಲಾನೂ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ತೀರಾ ಬೇಕಾಗಿರೋದನ್ನ ಮೊದ್ಲು ಹೇಳ್ರಿ."

ಗಿರಾಕಿಗಳ ಮದುವೆಗಳು ಮೊದಲು ಎಂದಳು. ಆಮೇಲೆ ನಾಮಕರಣಗಳು, ಶಾಲೆಯ ಗ್ರೂಪ್ ಫೋಟೊಗಳು. 'ಕೋಟೆ' ಎಂಬ ಒಂದು ಫೋಲ್ಡರಿನ ಹೆಸರನ್ನು ಮಾತ್ರ ಹೇಳಲಿಲ್ಲ. ಶ್ರಾವಣದಲ್ಲಿ ಯಾರದೋ ಜೋಡಿಯ ಫೋಟೊ ತೆಗೆಯಲು ಅವಳು ದುರ್ಗದ ಕೋಟೆ ಹತ್ತಿದ್ದಳು; ಟ್ರೈಪಾಡ್ ಹೊತ್ತವನು ಇವನೇ.

ಪರದೆಯ ಮೇಲೆ ಆ ಹೆಸರು ಕಂಡು ದುರ್ಗೇಶ್ ಕೇಳಿದ, "ಇದ್ರಾಗೆ ನಾನೂ ಇದೀನಾ?"

ಶಾಲಿನಿಯ ಕೆನ್ನೆ ಕೆಂಪಾಯಿತು. "ಅದು ಕೊನೆಗಿರ್ಲಿ."

ಇಷ್ಟದ ಹೋಳಿಗೆಯನ್ನು ಕೊನೆಯ ತುತ್ತಿಗೆಂದು ಎಲೆಯ ಅಂಚಿಗೆ ಸರಿಸಿಕೊಳ್ಳುವವರಿರುತ್ತಾರಲ್ಲ, ಇವಳೂ ಹಾಗೇ ಎಂದು ದುರ್ಗೇಶ್ ಅಂದುಕೊಂಡ. ಪೆದ್ದ.

ಅಷ್ಟರಲ್ಲಿ ಅವಳ ದೊಡ್ಡಮ್ಮ ಏಕನಾಥಮ್ಮ ಪೂಜೆಯ ತಟ್ಟೆ, ಬೂದುಗುಂಬಳ ಹಿಡಿದು ಬಂದರು.

"ಏನಪ್ಪ, ಇವತ್ತೂ ಮಿಷಿನ್ ಓಡಿಸ್ತೀಯ? ನಿಲ್ಸು. ವರ್ಷಕ್ಕೊಂದಿನ ಅದಕ್ಕೂ ಬಿಡುವು ಬ್ಯಾಡ್ವಾ?"

"ಅಮ್ಮಾ, ಕೈ ಮುಗೀತೀನಿ. ಓಡ್ತಾ ಇರೋವಾಗ್ಲೇ ಕುಂಕುಮ ಇಡ್ರಿ. ನಿಲ್ಸಿದ್ರೆ ಇದು ಏಳಲ್ಲ."

"ಆತು ಬಿಡು, ದೇವ್ರು ನೋಡ್ಕತಾನೆ." ಕ್ಯಾಮೆರಾಕ್ಕೆ, ಡಬ್ಬಕ್ಕೆ ಕುಂಕುಮವಿಟ್ಟು, ಚೆಂಡುಹೂ ಸಿಕ್ಕಿಸಿ, ಕುಂಬಳಕಾಯಿ ಒಡೆಯಲು ಅವರು ಬಾಗಿಲಾಚೆ ಹೋದರು.

ಒಂದೊಂದೇ ಫೋಲ್ಡರ್ ಹೊಸ ಡಿಸ್ಕಿಗೆ ಸೇರಿ, ಕೊನೆಗೆ ಕೋಟೆ ಒಂದೇ ಉಳಿಯಿತು. ದುರ್ಗೇಶ್ ನಗುತ್ತಾ ಮೌಸ್ ಹಿಡಿದ. ಶಾಲಿನಿ ಬಾಗಿ ಯುಪಿಎಸ್ ಸ್ವಿಚ್ ಆರಿಸಿದಳು.

ಪರದೆ ಕಪ್ಪಾಯಿತು. ಅವನು ಗಾಬರಿಯಿಂದ ಮತ್ತೆ ಹಾಕಿದ. ಟಕ್, ಟಕ್ ಎಂದಿತು. ಆಮೇಲೆ ಅದೂ ಇಲ್ಲ.

"ನಿಲ್ಸಿದ್ರೆ ಏಳಲ್ಲ ಅಂತ ಹೇಳಿದ್ನಲ್ರೀ!"

"ಹೇಳಿದ್ರಿ. ಅದಕ್ಕೇ ನಿಲ್ಸಿದೆ." ಅವಳ ದನಿ ನಡುಗಲಿಲ್ಲ. "ಶ್ರೀರಾಂಪುರದ ಸೋದರಮಾವನ ಮಗನಿಗೆ ನನ್ನ ಕೊಡ್ತಾ ಅವ್ರೆ. ಕಾರ್ತೀಕದಾಗೆ ಮದುವೆ. ಈ ಕಂಪ್ಯೂಟ್ರೂ ಆ ಮನೆಗೇ ಬರುತ್ತೆ."

"ನನ್ನ ಒಂದು ಮಾತು ಕೇಳಬಾರ್ದಾಗಿತ್ತಾ?"

"ಕೇಳಿದ್ರೆ ಹೂಂ ಅಂತಿದ್ರಿ. ಆಮೇಲೆ ನಮ್ಮಪ್ಪನ ಮುಖ ನಾನು ಹೆಂಗೆ ನೋಡ್ಲಿ?"

"ಬ್ಯಾಡಾಗಿದ್ರೆ ಡಿಲೀಟ್ ಮಾಡಬೋದಿತ್ತಲ್ಲ. ನನ್ನ ಕರೆಸಿ, ನನ್ನ ಕಣ್ಣೆದುರಿಗೇ ಯಾಕೆ?"

"ಡಿಲೀಟ್ ಮಾಡಿದ್ರೆ ನಾನೇ ಫೋನ್ ಮಾಡಿ ನಿಮ್ಮನ್ನ ಕರೀತಿದ್ದೆ. ನೀವು ವಾಪಸ್ ತಂದು ಕೊಡ್ತಿದ್ರಿ. ನಿಮ್ಮ ಕೈಲೂ ಆಗದೇ ಇರಂಗೆ ಹೋಗ್ಬೇಕಿತ್ತು."

ಇವಳು ನನ್ನನ್ನು ಪ್ರೀತಿಸಿದ್ದಾಳೆ. ಆ ಮಾತು ಅವನಿಗೆ ಈಗ ತಿಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನಲು ಅದು ಕೈಗೂ ಬಂದಿರಲಿಲ್ಲ. ಅವಳನ್ನು ಬೈಯಬೇಕೆನಿಸಿತು, ಅವಳ ಕಾಲು ಹಿಡಿಯಬೇಕೆನಿಸಿತು. ಎರಡೂ ಮಾಡದೆ ವೈರು ಸುತ್ತಿ ಚೀಲಕ್ಕೆ ಹಾಕಿದ.

"ಅದ್ರಾಗೆ ನಾವಿಬ್ರೂ ಒಟ್ಟಿಗೆ ಇರೋದು ಒಂದಾದ್ರೂ ಇತ್ತಾ?"

"ಒಂದಿತ್ತು. ಟೈಮರ್ ಇಟ್ಟು ಬಂದು ನಿಮ್ಮ ಪಕ್ಕ ನಿಂತ್ಕಂಡಿದ್ದೆ. ನಿಮಗೆ ಗೊತ್ತೇ ಆಗ್ಲಿಲ್ಲ."

"ಹೆಂಗಿದ್ವಿ?"

ಶಾಲಿನಿ ಅವನ ಮುಖವನ್ನು ಒಮ್ಮೆ ಪೂರ್ತಿ ನೋಡಿದಳು.

"ಚೆನ್ನಾಗಿದ್ವಿ. ಹೋಗ್ರಿ ಇನ್ನ, ಹಬ್ಬದ ದಿನ ಮನ್ಯಾಗೆ ಊಟಕ್ಕೆ ಕಾಯ್ತಿರ್ತಾರೆ."