ಅಪ್ಪನ ಎರಡನೆಯ ಏಟು

ಇದನ್ನು ನಾನು ಪಾದ್ರಿಯ ಮುಂದೆಯೂ ಹೇಳಿಕೊಂಡಿಲ್ಲ.

ಹೆರೆಸ್ ಊರಿನ ಸಾಂತಿಯಾಗೊ ಕೇರಿಯಲ್ಲಿ ಅಪ್ಪನ ಕುಲುಮೆಯಿತ್ತು. ನಾವು ಜಿಪ್ಸಿ ಕಮ್ಮಾರರು. ನಮ್ಮ ಫ್ಲಮೆಂಕೊ ಹಾಡುಗಾರಿಕೆಯಲ್ಲಿ ಮಾರ್ತಿನೇತೆ ಎಂಬ ಕಮ್ಮಾರರ ಹಾಡಿಗೆ ಗಿಟಾರಿಲ್ಲ, ಸುತ್ತಿಗೆಯೇ ತಾಳ. ಹಾಡಿದ ಸಾಲು ಮನಸ್ಸಿಗೆ ನಾಟಿದರೆ ಅಪ್ಪ ಕಬ್ಬಿಣ ಬಡಿಯುವ ಬಡಿಗಲ್ಲಿನ ಮೇಲೆ ಎರಡೇಟು ಹಾಕುತ್ತಿದ್ದ, ಇಲ್ಲವಾದರೆ ಒಂದೇ. ತಂಗಿ ರೆಮೆಗೆ ಯಾವಾಗಲೂ ಎರಡು. ತಿದಿ ಒತ್ತಿ ಕೈ ಸುಟ್ಟುಕೊಂಡ ನನಗೆ ಕೊನೆಯವರೆಗೂ ಒಂದೇ.

ಅಪ್ಪ ತೀರಿಕೊಂಡ ಮೇಲೆ ಬಡಿಗಲ್ಲು, ಸುತ್ತಿಗೆ ಎಲ್ಲವೂ ಗುಜರಿಗೆ ಹೋದವು. ಬಡಿಗಲ್ಲು ಇದ್ದ ಜಾಗದಲ್ಲಿ ನೆಲದಲ್ಲೊಂದು ಗುಳಿ ಉಳಿಯಿತು.

ಕಳೆದ ಆಗಸ್ಟಿನ ಒಂದು ಮಧ್ಯಾಹ್ನ ಅಲ್ಲಿ ಒಬ್ಬಳೇ ನಿಂತು ಹಾಡಿದೆ. ಹೊರಗೆ ಸುಡುಬಿಸಿಲು, ಒಳಗೆ ನನ್ನ ಉಸಿರು ಚಳಿಗಾಲದಂತೆ ಹೊಗೆಯಾಡುತ್ತಿತ್ತು. ಕಾದ ಕಬ್ಬಿಣದ ವಾಸನೆ ಬಂತು. ಸಾಲು ಮುಗಿದದ್ದೇ ಗುಳಿಯಿಂದ ಠಣ್ ಎಂದು ಒಂದೇಟು.

ನನಗೆ ಹೆದರಿಕೆಗಿಂತ ಮೊದಲು ಹೊಟ್ಟೆ ಉರಿಯಿತು. ಸತ್ತ ಮೇಲೂ ನನಗೆ ಒಂದೇನಾ? ಮತ್ತೆ ಹಾಡಿದೆ. ಮತ್ತೆ ಒಂದೇ.

ಅಷ್ಟರಲ್ಲಿ ರೆಮೆ ಬಂದಳು. “ಏನಕ್ಕಾ, ಬೀದಿಗೆಲ್ಲ ಕೇಳೋ ಹಾಗೆ ಕತ್ತೆ ಥರ ಅರಚ್ತಿದ್ದೀಯ! ಅದು ಹಾಗಲ್ಲ ಕಣೇ” ಎಂದು ನಗುತ್ತಾ ಅದೇ ಸಾಲನ್ನು ಮೆಲ್ಲಗೆ ಹಾಡಿದಳು.

ಠಣ್, ಠಣ್.

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳಿಗೆ ಕೇಳಿಸಿರಲೇ ಇಲ್ಲ.

“ಅಪ್ಪ ಇದ್ದಿದ್ರೆ ಇದಕ್ಕೆ ಎಷ್ಟೇಟು ಹಾಕ್ತಿದ್ದ, ಹೇಳು?” ಎಂದಳು.

“ಒಂದೇ” ಎಂದೆ.

ಕಾಲಡಿಯ ನೆಲ ಅದುರುವಂತೆ ಇನ್ನೊಂದು ಏಟು ಬಿತ್ತು. ರೆಮೆ ಗಬಕ್ಕನೆ ನನ್ನ ಕೈ ಹಿಡಿದುಕೊಂಡಳು. ಅದು ಅವಳಿಗೂ ಕೇಳಿಸಿತ್ತು.