ಮೂಲೆಯ ಮೊಳೆ

"ಏನ್ ಬೇಕಾದ್ರೂ ಒಡೀರಪ್ಪ. ಆ ಮೂಲೆ ಮೊಳೆ ಮಾತ್ರ ಕೀಳ್ಬೇಡಿ."

ಮುನಿತಾಯಮ್ಮನ ಮಾತಿಗೆ ಜೀವನ್ ನಕ್ಕ. ಬಸವೇಶ್ವರನಗರದ ಆ ಹಳೆಯ ಅಪಾರ್ಟ್‌ಮೆಂಟನ್ನು ಕಟ್ಟಿಸಿದವಳು ಆಕೆಯೇ; ಈಗ ನೆಲಮಹಡಿಯಲ್ಲಿದ್ದಳು. ಮೇಲಿನ ಮನೆಯನ್ನು ಅವನು ಹೊಸದಾಗಿ ಕೊಂಡಿದ್ದ. ಹೆಂಡತಿ ಸ್ಪಂದನ ತುಂಬು ಬಸುರಿ. ಬಾಲ್ಕನಿ ಒಡೆದು, ರಸ್ತೆಯ ಕಡೆಗೆ ಮಗುವಿಗೊಂದು ಕೋಣೆ ಚಾಚಬೇಕಿತ್ತು.

"ದಾಯಾದಿಗಳು ಮಾಟ ಮಾಡ್ಸಿದ್ರು. ನಾಕು ಮೂಲೆಗೂ ಮೊಳೆ ಹೊಡ್ಸಿ ಅದನ್ನ ಆಚೆ ನಿಲ್ಸಿದೀವಿ."

"ಅಜ್ಜಿ, ತುಕ್ಕು ಮೊಳೆ ಕಂಡ್ರೆ ನಿಮ್ ದೆವ್ವಕ್ಕೂ ಟೆಟನಸ್ ಭಯಾನಾ?"

ಮುದುಕಿ ನಗಲಿಲ್ಲ. ಅವನು ಅವಳೆದುರೇ ಬಾಲ್ಕನಿ ಮೂಲೆಯ ಮೊಳೆ ಕಿತ್ತ. ತೂತಿನಿಂದ ವಾಸನೆಯೊಂದು ಹೊರಟಿತು. ಕೊಳೆತ ಬೂದುಗುಂಬಳದ್ದು, ಸುಟ್ಟ ಕೂದಲಿನದು.

ಕೋಣೆ ಎದ್ದಿತು. ಗಾರೆ ಮಾತ್ರ ಒಣಗಲಿಲ್ಲ. ಬಿರುಬಿಸಿಲಲ್ಲೂ ಗೋಡೆ ಬೆವರುತ್ತಿತ್ತು. ಅದರೊಳಗೆ ಯಾರೋ ಉಗುರಾಡಿಸಿದಂತೆ ಸದ್ದು. ಸ್ಪಂದನ ಮೊದಲು ಊಟ ಬಿಟ್ಟಳು, ಆಮೇಲೆ ಮಾತು. ಬಸುರಿನ ಆಯಾಸ ಎಂದುಕೊಂಡ ಜೀವನ್. ಮೌನವನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬಾರದೆಂದು ಅವನಿಗೆ ತಿಳಿದಿರಲಿಲ್ಲ.

ಒಂದು ಮುಸ್ಸಂಜೆ ಅವನು ಬಂದಾಗ ಅವಳು ಹೊಸ ಗೋಡೆಗೆ ಹಣೆಯೊತ್ತಿ ನಿಂತಿದ್ದಳು. ಕಣ್ಣು ತೆರೆದಿತ್ತು. ರೆಪ್ಪೆ ಮಿಟುಕಲಿಲ್ಲ. ತುಟಿಯ ಮೇಲೆ ಹಸಿ ಸಿಮೆಂಟು.

ಅವನು ಕೆಳಗೋಡಿದ.

ಮುನಿತಾಯಮ್ಮ ಮೊಳೆಯನ್ನು ಎತ್ತಿಟ್ಟಿದ್ದಳು. "ಹೊಸ ಮೂಲೇಗೆ ಹೊಡೀರಿ. ಒಳಗೆ ಉಳೀಬೇಕಾದೋರ ಹೆಸ್ರು ಹಿಡ್ದು ಕೂಗ್ತಾ ಹೊಡೀರಿ. ಕೂಗದೇ ಇದ್ದದ್ದೆಲ್ಲ ಆಚೆಗೋಗುತ್ತೆ."

ಮೇಲೆ ದೀಪ ಹತ್ತಲಿಲ್ಲ. ಕತ್ತಲು ಮೈಗಂಟಿತು. ವಾಸನೆ ಗಂಟಲಿಗಿಳಿಯಿತು. ಮೂಲೆ ತಡವಿದ. ಮೊಳೆ ಇಟ್ಟ. ಸುತ್ತಿಗೆ ಎತ್ತಿದ.

"ಸ್ಪಂದನ!" ಏಟು.

"ಜೀವನ್!" ಏಟು.

ಕೈ ನಿಂತಿತು. ಮಗು? ಹುಟ್ಟುವ ಮೊದಲು ಹೆಸರು ಆರಿಸಬಾರದೆಂದು ಎರಡೂ ಮನೆಯವರು ಹೇಳಿದ್ದರು. ಹಿರಿಯರ ಅದೊಂದು ಮಾತನ್ನು ಅವನು ನಗದೆ ಪಾಲಿಸಿದ್ದ. ಯಾವುದಾದರೂ ಹೆಸರು. ಯಾವುದಾದರೂ. ಬಾಯಿ ತೆರೆದ.

ತಣ್ಣನೆಯ ಬೆರಳುಗಳು ಅವನ ಕತ್ತನ್ನು ಮುಟ್ಟಿದವು. ಹೆಸರು ಹೊರಡುವ ಮೊದಲೇ ಬೆದರಿದ ಕೈ ಸುತ್ತಿಗೆ ಬೀಸಿತು. ಮೊಳೆ ತಲೆಯವರೆಗೂ ಇಳಿಯಿತು.

ದೀಪ ಹತ್ತಿತು. ವಾಸನೆಯಿಲ್ಲ. ಗೋಡೆ ಒಣಗಿತ್ತು.

"ರೀ," ಎಂದಳು ಸ್ಪಂದನ, ನಿದ್ದೆಯಿಂದ ಎದ್ದವಳಂತೆ. "ಯಾಕ್ರೀ ಸುತ್ತಿಗೆ ಹಿಡ್ಕೊಂಡು ನಿಂತಿದೀರ?"

ಅಭ್ಯಾಸದಿಂದ ಅವಳ ಕೈ ಹೊಟ್ಟೆಯತ್ತ ಹೋಯಿತು. ಅಲ್ಲೇ ನಿಂತಿತು. ನೈಟಿ ಬರಿದಾಗಿ ಜೋತಿತ್ತು.

ಗೋಡೆಯಾಚೆ, ರಸ್ತೆಯ ಮೇಲಿನ ಬರೀ ಗಾಳಿಯಲ್ಲಿ, ಆಗಷ್ಟೇ ಹುಟ್ಟಿದ ಕೂಸೊಂದು ಅತ್ತಿತು.