ಪ್ರಶ್ನೆ ಪೆಟ್ಟಿಗೆಯ ಕಳವು

1971ರ ಫೆಬ್ರುವರಿ 9, ಬೆಳಿಗ್ಗೆ 10.20. ನಾಸಿಕದ ಠಾಣೆಗೆ ವೈಜನಾಥ ಶೇಠರೇ ಖುದ್ದಾಗಿ ಬಂದರು. ಮೂರು ಮಹಡಿಯ ಬಟ್ಟೆ ಅಂಗಡಿಯ ಮಾಲಕರು. ಊರಿನ ಪತ್ರಿಕೆ ನಡೆಯುವುದು ಅವರ ಜಾಹೀರಾತಿನಿಂದ, ನಗರಸಭೆ ನಡೆಯುವುದು ಅವರ ಕಣ್ಸನ್ನೆಯಿಂದ. ಅಂಗಡಿಯೆದುರಿನ ಸಂತೆಯನ್ನು ಎತ್ತಿಸಬೇಕೇ ಎಂದು ಮರುದಿನ ಬಹಿರಂಗ ಚರ್ಚೆಯಿತ್ತು; ಅದರ ಖರ್ಚೂ ಅವರದೇ. ಜನ ಪ್ರಶ್ನೆ ಬರೆದು ಹಾಕಿದ್ದ ಪೆಟ್ಟಿಗೆ ಸಭಾಗೃಹದಿಂದ ಕಳುವಾಗಿತ್ತು.

"ಸಂತಿ ಪುಢಾರಿ ಮುದ್ದಣ್ಣನ ಕೆಲಸರೀ ಇದು. ಸಂಜಿಯೊಳಗ ಅವನ್ನ ಒಳಗ ಹಾಕ್ರಿ."

ಇನ್‌ಸ್ಪೆಕ್ಟರ್ ಉಮಾನಾಥ ಎಫ್‌ಐಆರ್ ಬರೆಸುವಷ್ಟರಲ್ಲಿ ಶಾಸಕರ ಫೋನೂ ಬಂತು. ಬೇಡಿಕೆ ಅದೇ.

ಸ್ಥಳದ ಪಂಚನಾಮೆ ಮಾಡಿದಾಗ ಪೆಟ್ಟಿಗೆಯಿದ್ದ ಕೋಣೆಯ ಬೀಗ ಮುರಿದಿರಲಿಲ್ಲ. ಕೀಲಿಗಳು ಎರಡು. ಒಂದು ಸಭೆಯ ಅಧ್ಯಕ್ಷ, ಓಝರ್ ವಿಮಾನ ಕಾರ್ಖಾನೆಯ ಎಂಜಿನಿಯರ್ ನಾರಾಯಣಸ್ವಾಮಿಯವರದು. ಇನ್ನೊಂದು ಶೇಠರ ಗುಮಾಸ್ತ ರೇವಣಪ್ಪನದು. ಜವಾನ ಬೆಳಿಗ್ಗೆ ಎಂಟಕ್ಕೆ ಕಿಟಕಿಯಿಂದ ಪೆಟ್ಟಿಗೆ ನೋಡಿದ್ದ. ನಾರಾಯಣಸ್ವಾಮಿ ಏಳಕ್ಕೇ ಕಾರ್ಖಾನೆಯೊಳಗಿದ್ದರು ಎಂದು ಗೇಟಿನ ರಿಜಿಸ್ಟರ್ ಹೇಳಿತು.

ರೇವಣಪ್ಪನ ಹೆಂಡತಿ ಶಾಂತಾಬಾಯಿ ಅದೇ ಸಂತೆಯಲ್ಲಿ ಮೆಂತ್ಯೆಸೊಪ್ಪು ಮಾರುತ್ತಿದ್ದಳು.

"ಗಂಡ ಎಲ್ಲಿ?" ಉಮಾನಾಥ ಕೇಳಿದರು.

"ಔರಂಗಾಬಾದಕ್ಕ ಹೋಗ್ಯಾರ್ರಿ. ಒಂಬತ್ತೂವರಿ ಎಸ್‌ಟಿ ಬಸ್ಸಿಗೆ."

"ಕೈಯಾಗ ಏನಿತ್ತು?"

ಆಕೆಯ ಕೈ ಸೊಪ್ಪಿನ ಮೇಲೇ ನಿಂತಿತು. "ಚೀಲ ಇತ್ರಿ. ದೊಡ್ಡದು."

ಉಮಾನಾಥ ಔರಂಗಾಬಾದಿಗೆ ಫೋನು ಹಚ್ಚಿದರು. 3.10ಕ್ಕೆ ಅಲ್ಲಿನ ಬಸ್ ನಿಲ್ದಾಣದಲ್ಲಿ ರೇವಣಪ್ಪ ಸಿಕ್ಕಿಬಿದ್ದ. ಚೀಲದಲ್ಲಿ ಪೆಟ್ಟಿಗೆ, ಅಂಗಿಯ ಜೇಬಿನಲ್ಲಿ ಒಂದು ಚೀಟಿ.

ಮರುದಿನ ಬೆಳಿಗ್ಗೆ ನಾಸಿಕಕ್ಕೆ ಕರೆತಂದಾಗ ಅವನೇ ಎಲ್ಲ ಹೇಳಿದ.

"ಶೇಠರು ಹೇಳಿದ್ದಕ್ಕ ನಲವತ್ತು ಚೀಟಿ ನಾನೇ ಬರದೀನ್ರಿ, ಬ್ಯಾರೆ ಬ್ಯಾರೆ ಅಕ್ಷರದಾಗ. ಎಲ್ಲಾ ಸಂತಿ ಎತ್ತರಿ ಅಂತ. ಕಡೀಕ ನನ್ನ ಸ್ವಂತ ಅಕ್ಷರದಾಗ ನಂದೂ ಒಂದು ಪ್ರಶ್ನಿ ಹಾಕಿದೆ. ಆಮ್ಯಾಲ ಜೀವ ಹಾರಿತ್ರಿ. ಸಭಾಕ್ಕ ಮೊದಲ ಶೇಠರು ಎಲ್ಲಾ ಓದತಾರ. ನನ್ನ ಅಕ್ಷರ ಅವರಿಗೆ ಗೊತ್ತು. ನೌಕರಿನೂ ಅವರದು, ಇರೋ ಖೋಲಿನೂ ಅವರದು."

"ಅದೊಂದ ತಗೀಬೇಕಿತ್ತು."

"ಹುಡುಕೂದ್ರಾಗ ಜವಾನನ ಹೆಜ್ಜಿ ಕೇಳಿಸ್ತು. ಪೆಟ್ಟಿಗೀನ ಎತ್ತಿಕೊಂಡು ಹೊಂಟೆ. ಚೀಟಿ ಬಸ್ಸಿನ್ಯಾಗ ಸಿಕ್ತು."

"ಹರದು ಒಗೀಲಿಲ್ಲ ಯಾಕ?"

"ಮನಸ್ಸಾಗ್ಲಿಲ್ರಿ."

ಉಮಾನಾಥ ಬಂಧನದ ಕಾಗದಕ್ಕೆ ಸಹಿ ಹಾಕಿದರು, ಬೇರೆ ದಾರಿಯಿರಲಿಲ್ಲ.

11 ಗಂಟೆಗೆ ಮಾಲು ಗುರುತಿಸಲು ಶೇಠರನ್ನು ಕರೆಸಿದರು. ಜೇಬಿನ ಚೀಟಿಯ ಅಕ್ಷರ ಕಂಡದ್ದೇ ಅವರ ಮುಖ ಬಿಗಿಯಿತು.

"ಇದೊಂದು ಬಿಟ್ಟುಬಿಡ್ರಿ ಸಾಹೇಬರ."

"ಜಪ್ತಿ ಮಾಲು ಅದರೀ. ಪಂಚರ ಮುಂದ ಓದಲೇಬೇಕು." ಉಮಾನಾಥ ಎದ್ದು ನಿಂತು, ಠಾಣೆಗೆಲ್ಲ ಕೇಳುವಂತೆ ಓದಿದರು: "ಸಂತೆ ಎತ್ತಿಸಿದ ಮೇಲೆ ನನ್ನ ಹೆಂಡತಿ ಬುಟ್ಟಿ ಎಲ್ಲಿ ಇಡಬೇಕು?"

ಕಾನ್‌ಸ್ಟೇಬಲ್ ಭುಜಂಗ ಅದನ್ನು ಅಕ್ಷರ ಬಿಡದೆ ಬರೆದುಕೊಂಡ. ಮೂಲೆಯಲ್ಲಿ ಕೂತಿದ್ದ ರೇವಣಪ್ಪ ಮೊದಲ ಸಲ ತಲೆಯೆತ್ತಿ, ಉತ್ತರಕ್ಕಾಗಿ ಶೇಠರ ಮುಖ ನೋಡಿದ.